ಒಂದು ದೀಪ, ಹಲವು ಓದು: ಯಹೂದಿ ಧರ್ಮದ ಒಳಪಂಗಡಗಳು



ಯಹೂದಿ ಧರ್ಮವನ್ನು ಕುರಿತ ನಮ್ಮ ಮಾತುಕತೆಗೆ ಸಿದ್ಧತೆ ನಡೆದಿದ್ದಾಗ, ಮಾತಿನ ನಡುನಡುವೆ ತೋರಿಸಲು ಒಂದಿಷ್ಟು ಚಿತ್ರಗಳು ಬೇಕಾದವು. ಹುಡುಕಿದಾಗ ಸಿಕ್ಕಿದ್ದು ಬಹುಮಟ್ಟಿಗೆ ಒಂದೇ ಬಗೆಯವು. ಉದ್ದನೆಯ ಕಪ್ಪು ಕೋಟು, ಕಪ್ಪು ಟೋಪಿ, ಕಿವಿಯ ಪಕ್ಕದಲ್ಲಿ ಇಳಿಬಿದ್ದ ಗುಂಗುರು ಕೂದಲು. ಜೆರೂಸಲೇಮಿನ ಪಶ್ಚಿಮ ಗೋಡೆಯ ಎದುರು ನಿಂತು ಪ್ರಾರ್ಥಿಸುವ ಗಂಡಸರು. ನಿರ್ಮಾಪಕನಾದ ನಾನು ಅವನ್ನೇ ಸೇರಿಸಿದೆ. ಸಂಕಲನ ಮುಗಿಸಿ ಇಡೀ ಕಾರ್ಯಕ್ರಮವನ್ನು ಒಮ್ಮೆ ನೋಡಿದಾಗ ನನ್ನ ತಪ್ಪು ನನಗೇ ಕಂಡಿತು. ಅತಿಥಿಗಳು ಕೊಚ್ಚಿ, ಮುಂಬಯಿ, ಕೈರೋ, ನ್ಯೂಯಾರ್ಕ್ ಎಂದು ಮಾತನಾಡುತ್ತಿದ್ದಾರೆ. ತೆರೆಯ ಮೇಲೆ ಮಾತ್ರ ಪೂರ್ವ ಯೂರೋಪಿನಲ್ಲಿ ರೂಪುಗೊಂಡ ಒಂದೆರಡು ಪಂಗಡಗಳ ಜನರೇ ಮತ್ತೆ ಮತ್ತೆ ಬರುತ್ತಿದ್ದಾರೆ. ಹಿಂದೂ ಧರ್ಮ ಎಂದು ಹೇಳಿ ಕಾಶಿಯ ಒಬ್ಬ ಸಾಧುವಿನ ಚಿತ್ರ ತೋರಿಸಿ ಕೈತೊಳೆದುಕೊಂಡ ಹಾಗಾಯಿತು ಇದು. ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದುದನ್ನು, ನಾನು ತಪ್ಪಾಗಿ ತೋರಿಸಿದುದನ್ನು ಈ ಪುಟಗಳಲ್ಲಿ ಸರಿಪಡಿಸಲು ಪ್ರಯತ್ನಿಸುತ್ತೇನೆ.

ಜಗತ್ತಿನಲ್ಲಿ ಇಂದು ಇರುವ ಯಹೂದಿಗಳು ಸುಮಾರು ಒಂದೂವರೆ ಕೋಟಿ. ನಮ್ಮ ಕರ್ನಾಟಕದ ಜನಸಂಖ್ಯೆಯ ಕಾಲುಭಾಗಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಸಮುದಾಯದಲ್ಲಿ ಇಷ್ಟೊಂದು ಪಂಗಡಗಳೇಕೆ? ಅವುಗಳ ನಡುವಿನ ಜಗಳವಾದರೂ ಏನು?

ನಾನು ಓದಿದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ಒಂದೇ ವಸ್ತುವನ್ನು ಬೇರೆ ಬೇರೆ ದ್ರಾವಣಗಳಲ್ಲಿ ಹಾಕಿ, ಎಲ್ಲಿ ಯಾವ ಬಣ್ಣ ಬರುತ್ತದೆಂದು ನೋಡುವುದು ನಮಗೆ ಕಲಿಸಿದ ಪಾಠ. ಇಲ್ಲಿಯೂ ಹಾಗೆಯೇ ಮಾಡೋಣ. ಶುಕ್ರವಾರ ಸಂಜೆ ಯಹೂದಿ ಮನೆಯಲ್ಲಿ ಹಚ್ಚುವ ದೀಪವನ್ನು ತೆಗೆದುಕೊಂಡು, ಒಂದೊಂದು ಪಂಗಡ ಅದನ್ನು ಹೇಗೆ ಕಂಡಿತು ಎಂದು ಕೇಳುತ್ತ ಹೋಗೋಣ.

ಒಂದು ಆಜ್ಞೆ

ಯಹೂದಿಗಳ ವಾರದ ಏಳನೆಯ ದಿನ ಸಬ್ಬತ್. ಅದು ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ವಿಶ್ರಾಂತಿಯ ದಿನ. ಅಂದು ಯಾವ ಕೆಲಸವನ್ನೂ ಮಾಡಬಾರದು. ಮೋಶೆಯ ಐದು ಗ್ರಂಥಗಳಾದ ತೋರಾದಲ್ಲಿ, ವಿಮೋಚನಾಕಾಂಡದ 35ನೆಯ ಅಧ್ಯಾಯದಲ್ಲಿ, ಸಬ್ಬತ್ ದಿನ ಮನೆಗಳಲ್ಲಿ ಬೆಂಕಿ ಹೊತ್ತಿಸಕೂಡದು ಎಂಬ ಆಜ್ಞೆಯಿದೆ. ಆಜ್ಞೆ ಇಷ್ಟೇ ಚಿಕ್ಕದು.

ಆದರೆ ಪ್ರಶ್ನೆಗಳು ಚಿಕ್ಕವಲ್ಲ. ಹೊತ್ತಿಸಬಾರದು ಎಂದರೆ ಸಬ್ಬತ್ ಆರಂಭವಾದ ಮೇಲೆ ಹೊತ್ತಿಸಬಾರದು ಎಂದೆ? ಇಲ್ಲವೆ, ಮೊದಲೇ ಹೊತ್ತಿಸಿದ ಬೆಂಕಿಯೂ ಉರಿಯುತ್ತಿರಬಾರದು ಎಂದೆ? ಇದನ್ನು ತೀರ್ಮಾನಿಸುವವರು ಯಾರು? ಗ್ರಂಥದ ಅಕ್ಷರವೆ, ಗುರುಪರಂಪರೆಯೆ, ಸಮುದಾಯವೆ, ಅಥವಾ ನನ್ನ ನಿಮ್ಮಂಥ ಒಬ್ಬೊಬ್ಬ ವ್ಯಕ್ತಿಯೆ? ಯಹೂದಿ ಪಂಗಡಗಳಲ್ಲಿ ಬಹುತೇಕ ಎಲ್ಲವೂ ಈ ಪ್ರಶ್ನೆಗೆ ಕೊಟ್ಟ ಒಂದೊಂದು ಉತ್ತರ. ದೇವರು ಒಬ್ಬನೇ ಎಂಬುದರಲ್ಲಿ ಅವರಿಗೆ ಹೆಚ್ಚು ಜಗಳವಿಲ್ಲ. ಆತನ ಆಜ್ಞೆಯನ್ನು ಓದುವ ಅಧಿಕಾರ ಯಾರದು ಎಂಬಲ್ಲಿಯೇ ವ್ಯಾಜ್ಯ.

ದೇವಾಲಯ ಉರಿದ ಮೇಲೆ

ಎರಡು ಸಾವಿರ ವರ್ಷಗಳ ಹಿಂದೆ ಜೆರೂಸಲೇಮಿನಲ್ಲಿ ಯಹೂದಿಗಳ ಮಹಾದೇವಾಲಯವಿತ್ತು. ಅಲ್ಲಿನ ಪುರೋಹಿತ ಮನೆತನಗಳ ಜೊತೆ ಬೆಳೆದ ಪಂಗಡ ಸದ್ದುಕಾಯರದು. ಅವರು ಬರೆದಿಟ್ಟ ಶಾಸ್ತ್ರವನ್ನು ಮಾತ್ರ ಒಪ್ಪುತ್ತಿದ್ದರು. ಸತ್ತವರು ಮತ್ತೆ ಏಳುವರೆಂಬುದನ್ನು ಒಪ್ಪುತ್ತಿರಲಿಲ್ಲ. ಅವರಿಗೆ ಎದುರಾಗಿದ್ದವರು ಫರಿಸಾಯರು. ಬರೆದ ಶಾಸ್ತ್ರದ ಜೊತೆಗೆ, ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂದ ಶಾಸ್ತ್ರವೂ ಉಂಟು ಎಂಬುದು ಅವರ ವಾದ. ಮೂರನೆಯವರು ಎಸ್ಸೀನರು, ಕಟ್ಟುನಿಟ್ಟಿನ ನೇಮದಲ್ಲಿ ಒಟ್ಟಾಗಿ ಬಾಳಿದವರು. 1947ರ ಸುಮಾರಿಗೆ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಇವರವೇ ಎಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಬೈಬಲನ್ನು ಓದಿದವರಿಗೆ ಈ ಹೆಸರುಗಳಲ್ಲಿ ಮೊದಲ ಎರಡು ಪರಿಚಿತ.

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಆ ದೇವಾಲಯವನ್ನು ಸುಟ್ಟು ಕೆಡವಿತು. ಬಲಿಪೀಠವೇ ಇಲ್ಲದ ಮೇಲೆ ಪುರೋಹಿತರಿಗೆ ಕೆಲಸವಿಲ್ಲವಾಯಿತು. ಸದ್ದುಕಾಯರು ಇತಿಹಾಸದಿಂದ ಮರೆಯಾದರು. ಫರಿಸಾಯರ ದಾರಿ ಉಳಿಯಿತು. ಏಕೆಂದರೆ ಅವರ ಶಾಸ್ತ್ರಕ್ಕೆ ಕಟ್ಟಡ ಬೇಕಿರಲಿಲ್ಲ. ಮನೆಯ ಊಟದ ಮೇಜು, ಹತ್ತು ಜನ ಕೂಡುವ ಪ್ರಾರ್ಥನಾಸ್ಥಳ, ಓದಿ ವಾದಿಸುವ ಶಾಲೆ ಇದ್ದರೆ ಸಾಕಿತ್ತು. ಬಾಯಿಮಾತಿನ ಶಾಸ್ತ್ರ ಕ್ರಿ.ಶ. 200ರ ಸುಮಾರಿಗೆ ‘ಮಿಶ್ನಾ’ ಎಂಬ ಸಂಗ್ರಹವಾಯಿತು. ಅದರ ಮೇಲೆ ಪ್ಯಾಲೆಸ್ಟೈನ್ ಮತ್ತು ಬ್ಯಾಬಿಲೋನಿಯಾದ ಪಂಡಿತರು ನಡೆಸಿದ ಚರ್ಚೆಗಳೆಲ್ಲ ಸೇರಿ ‘ತಾಲ್ಮುದ್’ ಆಯಿತು. ಈ ಪಂಡಿತರೇ ರಬ್ಬಿಗಳು.

ರಬ್ಬಿಗಳು ಸಬ್ಬತ್‌ನಂದು ಮಾಡಬಾರದ ಕೆಲಸಗಳನ್ನು 39 ವರ್ಗಗಳಾಗಿ ವಿಂಗಡಿಸಿದರು. ಬೆಂಕಿ ಹೊತ್ತಿಸುವುದು ಒಂದು, ಆರಿಸುವುದು ಇನ್ನೊಂದು. ಆದರೆ ಸೂರ್ಯಾಸ್ತಕ್ಕೆ ಮುಂಚೆ ಹಚ್ಚಿದ ದೀಪ ತನ್ನಷ್ಟಕ್ಕೆ ತಾನು ಉರಿಯುತ್ತಿದ್ದರೆ ದೋಷವಿಲ್ಲ ಎಂದರು. ಅಷ್ಟೇ ಅಲ್ಲ, ದೀಪ ಹಚ್ಚಲೇಬೇಕು ಎಂದರು. ಯಾವ ಎಣ್ಣೆ, ಯಾವ ಬತ್ತಿ ಎಂಬುದಕ್ಕೂ ಮಿಶ್ನಾದಲ್ಲಿ ಒಂದು ಅಧ್ಯಾಯವೇ ಇದೆ. ಕತ್ತಲಲ್ಲಿ ಕುಳಿತು ಉಣ್ಣುವುದು ಹಬ್ಬವಾಗಲಾರದು ಎಂಬ ಲೋಕಾನುಭವ ಅದರ ಹಿಂದಿದೆ. ಇಂದಿಗೂ ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ಮನೆಯ ಹೆಣ್ಣುಮಗಳು ದೀಪ ಹಚ್ಚುತ್ತಾಳೆ.

ಕತ್ತಲನ್ನು ಆರಿಸಿಕೊಂಡವರು

ಎಂಟನೆಯ ಶತಮಾನದಲ್ಲಿ, ಬಾಗ್ದಾದಿನ ಖಲೀಫರ ಆಳ್ವಿಕೆಯಲ್ಲಿ, ಈ ರಬ್ಬಿಗಳ ಅಧಿಕಾರವನ್ನೇ ಪ್ರಶ್ನಿಸುವ ಚಳವಳಿ ಎದ್ದಿತು. ಅನಾನ್ ಬೆನ್ ದಾವೀದ್ ಅದರ ಆದಿಪುರುಷ ಎನ್ನುತ್ತಾರೆ. ಮುಂದೆ ಈ ಪಂಗಡಕ್ಕೆ ಕರಾಯಿಟರು ಎಂಬ ಹೆಸರು ಬಂತು. ಗ್ರಂಥವನ್ನು ಓದುವವರು ಎಂದು ಅದರ ಅರ್ಥ. ತಾಲ್ಮುದ್ ಮನುಷ್ಯರ ಮಾತು, ಬರೆದ ಶಾಸ್ತ್ರವೊಂದೇ ಪ್ರಮಾಣ ಎಂದು ಇವರು ಸಾರಿದರು. ರಬ್ಬಿಗಳನ್ನು ಒಪ್ಪಿದವರು ರಬ್ಬಾನೈಟರು ಎನಿಸಿಕೊಂಡರು.

ಈಗ ದೀಪಕ್ಕೆ ಬನ್ನಿ. ಕರಾಯಿಟರ ಓದಿನಲ್ಲಿ ಸಬ್ಬತ್‌ನಂದು ಮನೆಯಲ್ಲಿ ಬೆಂಕಿಯೇ ಇರಬಾರದು, ಮೊದಲೇ ಹಚ್ಚಿದ್ದರೂ ಕೂಡದು. ಶುಕ್ರವಾರ ರಾತ್ರಿ ರಬ್ಬಾನೈಟರ ಮನೆಯಲ್ಲಿ ಬೆಳಕು, ಪಕ್ಕದ ಕರಾಯಿಟರ ಮನೆಯಲ್ಲಿ ಕತ್ತಲೆ. ಹದಿನೈದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಕರಾಯಿಟ್ ಪಂಡಿತರು ದೀಪಕ್ಕೆ ಅನುಮತಿ ಕೊಟ್ಟರೂ ಎಲ್ಲರೂ ಅದನ್ನು ಒಪ್ಪಲಿಲ್ಲ.

ಪಂಚಾಂಗದಲ್ಲಿಯೂ ಭೇದವಿತ್ತು. ರಬ್ಬಾನೈಟರದು ಲೆಕ್ಕದ ಪಂಚಾಂಗ. 19 ವರ್ಷಗಳಲ್ಲಿ 7 ಅಧಿಕಮಾಸ ಸೇರಿಸಿ ಚಾಂದ್ರಮಾನವನ್ನು ಋತುಗಳಿಗೆ ಹೊಂದಿಸುತ್ತಾರೆ. ನಮ್ಮ ಅಧಿಕಮಾಸದ ಗಣಿತವೂ ಹೆಚ್ಚುಕಡಿಮೆ ಇದೇ. ಕರಾಯಿಟರು ಲೆಕ್ಕವನ್ನು ಒಪ್ಪದೆ, ಬಾನಿನಲ್ಲಿ ಹೊಸ ಚಂದ್ರನನ್ನು ಕಣ್ಣಾರೆ ಕಂಡು ತಿಂಗಳನ್ನು, ಬಾರ್ಲಿ ತೆನೆ ಹದಕ್ಕೆ ಬಂದುದನ್ನು ನೋಡಿ ವರ್ಷವನ್ನು ನಿರ್ಧರಿಸುತ್ತಿದ್ದರು. ಹೀಗಾಗಿ ಒಂದೇ ಊರಿನ ಎರಡು ಬೀದಿಗಳಲ್ಲಿ ಒಂದೇ ಹಬ್ಬ ಬೇರೆ ಬೇರೆ ದಿನ ಬರುತ್ತಿತ್ತು.

ಇಂಥವರ ನಡುವೆ ಮದುವೆ ನಡೆಯುತ್ತಿತ್ತೆ? ನಡೆಯುತ್ತಿತ್ತು, ಅದಕ್ಕೆ ಕಾಗದದ ಸಾಕ್ಷಿಯೂ ಇದೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ ಸವೆದುಹೋದ ಕಾಗದಪತ್ರಗಳನ್ನು ತುಂಬಿಡುತ್ತಿದ್ದರು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಎಂಬ ನಿಯಮ ಅದಕ್ಕೆ ಕಾರಣ. ‘ಗೆನೀಜಾ’ ಎಂದು ಕರೆಯುವ ಈ ಕೋಣೆಯಿಂದ 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಕೇಂಬ್ರಿಜ್‌ಗೆ ಸಾಗಿಸಿದ ಚೂರುಗಳ ಸಂಖ್ಯೆ ಸುಮಾರು 1,90,000. ಅವುಗಳಲ್ಲಿ 1082ರ ಒಂದು ಮದುವೆಯ ಕರಾರು ಇದೆ. ವರ ದಾವೀದ್ ಬೆನ್ ದಾನಿಯೇಲ್, ರಬ್ಬಾನೈಟರ ನಾಯಕ ಮನೆತನದವನು. ವಧು ಕರಾಯಿಟರ ಮಗಳು. ಸಬ್ಬತ್ ರಾತ್ರಿ ದೀಪದ ಬೆಳಕಿನಲ್ಲಿ ತನ್ನೊಡನೆ ಕುಳಿತುಕೊಳ್ಳೆಂದು ಆಕೆಯನ್ನು ಬಲವಂತಪಡಿಸುವುದಿಲ್ಲ, ಆಕೆಯ ಪಂಗಡಕ್ಕೆ ನಿಷಿದ್ಧವಾದುದನ್ನು ತಿನ್ನಲು ಹೇಳುವುದಿಲ್ಲ, ಆಕೆಯ ಹಬ್ಬಗಳನ್ನು ಕೆಡಿಸುವುದಿಲ್ಲ ಎಂದು ಆತ ಬರೆದುಕೊಟ್ಟಿದ್ದಾನೆ. ಆಕೆಯೂ ಅವನ ಹಬ್ಬಗಳನ್ನು ಅವನ ಜೊತೆ ಆಚರಿಸಲು ಒಪ್ಪಿದ್ದಾಳೆ. ಭೇದವನ್ನು ಅಳಿಸದೆ, ಒಪ್ಪಂದವಾಗಿ ಬರೆದಿಟ್ಟು, ಒಂದೇ ಸೂರಿನಡಿ ಬಾಳುವುದು ಒಂಬೈನೂರು ವರ್ಷಗಳ ಹಿಂದೆ ಸಾಧ್ಯವಾಗಿತ್ತು.

ಇದೇ ಗೆನೀಜಾದ ಕಾಗದಗಳಲ್ಲಿ ನಮ್ಮ ಮಂಗಳೂರೂ ಬರುತ್ತದೆ. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ ಬಹುಕಾಲ ಮಲಬಾರ್ ಕರಾವಳಿಯಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ ಇದ್ದು, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಬೊಮ್ಮ ಎಂಬ ಆಳು ಅವನ ಪರವಾಗಿ ಏಡನ್‌ವರೆಗೆ ವ್ಯಾಪಾರಕ್ಕೆ ಹೋಗಿಬರುತ್ತಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಪತ್ರ ಬರೆದ. ಆಕೆಯನ್ನೇ ಆತ ಮದುವೆಯಾದ ಎಂದು ವಿದ್ವಾಂಸರು ಭಾವಿಸುತ್ತಾರೆ. ರಬ್ಬಿಗಳ ಶಾಸ್ತ್ರದ ಪ್ರಕಾರ, ವಿಧಿಪೂರ್ವಕವಾಗಿ ಬಿಡುಗಡೆಯಾದ ದಾಸಿ ಪೂರ್ಣ ಯಹೂದಿ. ಆಕೆಯ ಮಕ್ಕಳೂ ಯಹೂದಿಗಳೇ. ಮುಂದೆ ಕೊಚ್ಚಿಯ ಮಾತು ಬಂದಾಗ ಈ ಪತ್ರವನ್ನು ನೆನಪಿಡಿ.

ಊರಿನಿಂದ ಬಂದ ಭೇದ

ಎಲ್ಲ ಭೇದವೂ ವಾದದಿಂದ ಹುಟ್ಟಿದ್ದಲ್ಲ. ಕೆಲವು ಬರಿಯ ದೂರದಿಂದ ಹುಟ್ಟಿದವು. ಜರ್ಮನಿ, ಪೋಲೆಂಡ್, ರಷ್ಯಾಗಳಲ್ಲಿ ನೆಲೆಸಿದವರು ಅಶ್ಕನಾಜಿಗಳು. ಅವರ ಮನೆಮಾತು ಯಿಡ್ಡಿಷ್. ಸ್ಪೇನ್ ಮತ್ತು ಪೋರ್ಚುಗಲ್ ಮೂಲದವರು ಸೆಫಾರ್ದಿಗಳು. 1492ರಲ್ಲಿ ಸ್ಪೇನಿನಿಂದ ಹೊರದೂಡಿಸಿಕೊಂಡ ಇವರು ಟರ್ಕಿ, ಮೊರಾಕೊ, ಹಾಲೆಂಡ್, ಕಡೆಗೆ ಕೊಚ್ಚಿಯವರೆಗೂ ಹರಡಿದರು. ಇರಾಕ್, ಇರಾನ್, ಯೆಮೆನ್‌ಗಳ ಯಹೂದಿಗಳನ್ನು ಇಂದು ಮಿಜ್ರಾಹಿ, ಎಂದರೆ ಪೂರ್ವದವರು, ಎನ್ನುತ್ತಾರೆ.

ಇವರೆಲ್ಲರೂ ತಾಲ್ಮುದ್ ಒಪ್ಪಿದವರೇ. ಭೇದವಿರುವುದು ಪ್ರಾರ್ಥನೆಯ ರಾಗದಲ್ಲಿ, ಹೀಬ್ರೂ ಉಚ್ಚಾರದಲ್ಲಿ, ಅಡುಗೆಯಲ್ಲಿ. ಪಸ್ಕ ಹಬ್ಬದ ದಿನಗಳಲ್ಲಿ ಹುಳಿ ಬಂದ ಹಿಟ್ಟು ನಿಷಿದ್ಧ. ಅಶ್ಕನಾಜಿಗಳು ಆಗ ಅಕ್ಕಿಯನ್ನೂ ಬೇಳೆಕಾಳುಗಳನ್ನೂ ಬಿಡುತ್ತಾರೆ. ಸೆಫಾರ್ದಿಗಳಲ್ಲಿ ಬಹುಮಂದಿ ಅನ್ನ ಉಣ್ಣುತ್ತಾರೆ. ಹದಿನಾರನೆಯ ಶತಮಾನದಲ್ಲಿ ಸೆಫಾರ್ದಿ ಪಂಡಿತ ಯೋಸೆಫ್ ಕಾರೊ ‘ಶುಲ್ಹನ್ ಅರೂಖ್’, ಅಂದರೆ ‘ಅಣಿಗೊಳಿಸಿದ ಮೇಜು’, ಎಂಬ ಧರ್ಮಶಾಸ್ತ್ರ ಸಂಗ್ರಹ ಬರೆದರು. ಅದರಲ್ಲಿ ತಮ್ಮ ಕಡೆಯ ಆಚಾರಗಳಿಲ್ಲವೆಂದು ಪೋಲೆಂಡಿನ ಮೋಶೆ ಇಸ್ಸರ್ಲೆಸ್ ಅದಕ್ಕೆ ಟಿಪ್ಪಣಿ ಸೇರಿಸಿ, ‘ಮೇಜಿನ ಹಾಸು’ ಎಂದು ಹೆಸರಿಟ್ಟರು. ಮೇಜು ಒಬ್ಬರದು, ಹಾಸು ಇನ್ನೊಬ್ಬರದು. ಎರಡೂ ಒಂದೇ ಪುಸ್ತಕವಾಗಿ ಇಂದಿಗೂ ಅಚ್ಚಾಗುತ್ತಿವೆ.

ಹಾಡುವವರು, ಓದುವವರು

ಹದಿನೇಳನೆಯ ಶತಮಾನ ಪೂರ್ವ ಯೂರೋಪಿನ ಯಹೂದಿಗಳಿಗೆ ಕೆಟ್ಟ ಕಾಲ. 1648ರಿಂದ ಉಕ್ರೇನಿನಲ್ಲಿ ಭೀಕರ ಹತ್ಯೆಗಳು ನಡೆದವು. ಬಳಿಕ ಟರ್ಕಿಯಲ್ಲಿ ಶಬ್ಬತಾಯ್ ಜ್ವಿ ಎಂಬಾತ ತಾನೇ ಉದ್ಧಾರಕ ಎಂದು ಸಾರಿಕೊಂಡ. ದೇಶದೇಶಗಳ ಯಹೂದಿಗಳು ಅವನನ್ನು ನಂಬಿದರು. 1666ರಲ್ಲಿ ಸುಲ್ತಾನನ ಎದುರು ಆತ ಇಸ್ಲಾಮಿಗೆ ಮತಾಂತರಗೊಂಡ. ಜನ ಕಂಗೆಟ್ಟರು.

ಈ ನೆಲದಲ್ಲಿ, ಹದಿನೆಂಟನೆಯ ಶತಮಾನದಲ್ಲಿ, ಬಾಲ್ ಶೆಮ್ ತೋವ್ ಎಂದು ಹೆಸರಾದ ಇಸ್ರೇಲ್ ಬೆನ್ ಎಲಿಯೇಜರ್ ಹೊಸ ದಾರಿ ತೋರಿದರು. ತಾಲ್ಮುದ್ ಓದಲಾರದ ಗಾಡಿಯವನೂ ಹಾಡಿ ಕುಣಿದು ದೇವರನ್ನು ಮುಟ್ಟಬಲ್ಲ ಎಂಬುದು ಅದರ ತಿರುಳು. ಈ ಪಂಥದವರು ಹಸೀದರು. ನಮ್ಮ ಭಕ್ತಿಪಂಥಗಳ ನೆನಪು ನಿಮಗೆ ಬಂದರೆ ಸಹಜ. ಆದರೆ ಒಂದು ಎಚ್ಚರ ಇರಲಿ. ಹಸೀದರು ಶಾಸ್ತ್ರವನ್ನು ಬಿಡಲಿಲ್ಲ, ದೀಪದ ನಿಯಮವನ್ನು ಸಡಿಲಿಸಲೂ ಇಲ್ಲ. ಅವರು ಬದಲಿಸಿದ್ದು ನಾಯಕನನ್ನು. ಪಂಡಿತನ ಜಾಗದಲ್ಲಿ ‘ರೆಬ್ಬೆ’ ಎಂಬ ಸಿದ್ಧಪುರುಷ ಬಂದ, ಆತನ ನಂತರ ಬಹುಮಟ್ಟಿಗೆ ಆತನ ವಂಶದವರೇ ಬಂದರು. ಲುಬಾವಿಚ್, ಸತ್ಮಾರ್, ಬೆಲ್ಜ್ ಎಂಬ ಹಸೀದ ಶಾಖೆಗಳ ಹೆಸರುಗಳೆಲ್ಲ ಆ ರೆಬ್ಬೆಗಳಿದ್ದ ಊರುಗಳವು.

ಲಿಥುವೇನಿಯಾದ ವಿಲ್ನಾದಲ್ಲಿದ್ದ ಮಹಾಪಂಡಿತ ಎಲಿಯಾ, ‘ವಿಲ್ನಾದ ಗಾವೋನ್’, ಇದನ್ನು ಸಹಿಸಲಿಲ್ಲ. 1772ರಲ್ಲಿ ಹಸೀದರಿಗೆ ಬಹಿಷ್ಕಾರ ಹಾಕಲಾಯಿತು. ವಿರೋಧಿಗಳ ದೂರಿನಿಂದ ಲುಬಾವಿಚ್ ಶಾಖೆಯ ಮೂಲಗುರು ಶ್ನೆಯೂರ್ ಜಲ್ಮನ್ 1798ರಲ್ಲಿ ರಷ್ಯದ ಸೆರೆಮನೆಗೂ ಹೋಗಬೇಕಾಯಿತು. ಆದರೆ ಮುಂದೆ ಇಬ್ಬರಿಗೂ ಸಮಾನ ಆತಂಕವೊಂದು ಎದುರಾಗಿ, ಅವರು ಒಂದೇ ಪಾಳೆಯ ಸೇರಿದರು. ನಾನು ತೆರೆಯ ಮೇಲೆ ತೋರಿಸಿದ ಕಪ್ಪು ಕೋಟಿನವರು ಈ ಎರಡು ಬಣಗಳ ವಾರಸುದಾರರು. ಇಂದು ಅವರಿಗೆ ‘ಹರೇದಿ’ ಎಂಬ ಒಟ್ಟು ಹೆಸರಿದೆ.

ಸ್ವಿಚ್ಚು ಒತ್ತಬಹುದೆ?

ಆ ಆತಂಕ ಹುಟ್ಟಿದ್ದು ಸ್ವಾತಂತ್ರ್ಯದಿಂದ. 1791ರಲ್ಲಿ ಫ್ರಾನ್ಸ್ ತನ್ನ ಯಹೂದಿಗಳಿಗೆ ಪೌರತ್ವ ಕೊಟ್ಟಿತು. ಇತರ ದೇಶಗಳು ನಿಧಾನವಾಗಿ ಹಿಂಬಾಲಿಸಿದವು. ಬೇಲಿಯೊಳಗಿದ್ದ ಜನ ಶಾಲೆಗೆ, ಕಚೇರಿಗೆ, ವಿಶ್ವವಿದ್ಯಾನಿಲಯಕ್ಕೆ ಹೋದರು. ಶನಿವಾರವೂ ಅಂಗಡಿ ತೆರೆಯಬೇಕಾದ ಊರಿನಲ್ಲಿ ಸಬ್ಬತ್ ಪಾಲಿಸುವುದು ಹೇಗೆ?

ಜರ್ಮನಿಯಲ್ಲಿ ಸುಧಾರಣಾವಾದಿಗಳು ಎದ್ದರು. 1810ರಲ್ಲಿ ಜೇಸನ್ ಎಂಬ ಊರಿನಲ್ಲಿ, 1818ರಲ್ಲಿ ಹ್ಯಾಂಬರ್ಗ್‌ನಲ್ಲಿ ಆರ್ಗನ್ ವಾದ್ಯ ಮತ್ತು ಜರ್ಮನ್ ಪ್ರವಚನವಿರುವ ಮಂದಿರಗಳು ತೆರೆದವು. ನೀತಿ ಶಾಶ್ವತ, ಆಚಾರ ಕಾಲಕ್ಕೆ ತಕ್ಕಂತೆ ಎಂಬುದು ಅವರ ನಿಲುವು. ಇದೇ ರಿಫಾರ್ಮ್ ಶಾಖೆ. ಇದಕ್ಕೆ ಪ್ರತಿಯಾಗಿ ನಿಂತವರಿಗೆ ಆರ್ಥೊಡಾಕ್ಸ್ ಎಂಬ ಹೆಸರು ಬಂತು. ಅಲ್ಲಿಯವರೆಗೆ ಅಂಥ ಹೆಸರಿನ ಅಗತ್ಯವೇ ಇರಲಿಲ್ಲ. ಅವರಲ್ಲಿಯೂ ಎರಡು ದನಿ. ಹಂಗೇರಿ ರಾಜ್ಯದ ಮೋಶೆ ಸೋಫರ್ ಹೊಸತೆಲ್ಲವೂ ನಿಷಿದ್ಧ ಎಂದರೆ, ಫ್ರಾಂಕ್‌ಫರ್ಟಿನ ಸ್ಯಾಮ್ಸನ್ ರಾಫಾಯೆಲ್ ಹಿರ್ಶ್ ಶಾಸ್ತ್ರವನ್ನು ಪೂರ್ತಿ ಪಾಲಿಸುತ್ತಲೇ ಲೌಕಿಕ ವಿದ್ಯೆಯನ್ನೂ ಕಲಿಯಬೇಕು ಎಂದರು.

ಮೂರನೆಯ ದಾರಿ ಜೆಕರಾಯಸ್ ಫ್ರಾಂಕೆಲ್ ಅವರದು. 1845ರ ರಬ್ಬಿಗಳ ಸಮ್ಮೇಳನದಲ್ಲಿ, ಪ್ರಾರ್ಥನೆಗೆ ಹೀಬ್ರೂ ಕಡ್ಡಾಯವಲ್ಲ ಎಂಬ ಅಭಿಪ್ರಾಯಕ್ಕೆ ಬಹುಮತ ಬಂದಾಗ ಅವರು ಎದ್ದು ಹೊರಟುಹೋದರು. ಬದಲಾವಣೆ ಬರಲಿ, ಆದರೆ ಪರಂಪರೆಯ ಒಳಗಿನಿಂದ ಬರಲಿ ಎಂಬ ಈ ನಿಲುವು ಅಮೆರಿಕದಲ್ಲಿ ಕನ್ಸರ್ವೇಟಿವ್ ಶಾಖೆಯಾಯಿತು. ಅಲ್ಲಿ ಒಡಕನ್ನು ಹೆಚ್ಚಿಸಿದ ಒಂದು ಘಟನೆ 1883ರ ಔತಣ. ಸಿನ್ಸಿನಾಟಿಯ ರಿಫಾರ್ಮ್ ವಿದ್ಯಾಪೀಠದ ಮೊದಲ ರಬ್ಬಿಗಳ ದೀಕ್ಷೆಯ ಸಂಭ್ರಮದಲ್ಲಿ ಯಹೂದಿ ಶಾಸ್ತ್ರಕ್ಕೆ ನಿಷಿದ್ಧವಾದ ಸಿಗಡಿ, ಚಿಪ್ಪಿನ ಜೀವಿಗಳನ್ನೇ ಬಡಿಸಲಾಗಿತ್ತು. 1886ರಲ್ಲಿ ನ್ಯೂಯಾರ್ಕಿನಲ್ಲಿ ಎದುರು ವಿದ್ಯಾಪೀಠವೊಂದು ಹುಟ್ಟಿತು. 1902ರಲ್ಲಿ ಅದರ ಅಧ್ಯಕ್ಷರಾಗಿ ಬಂದವರು ಮತ್ತಾರೂ ಅಲ್ಲ, ಕೈರೋದ ಕಾಗದಗಳನ್ನು ಹೊರತಂದ ಸಾಲೊಮನ್ ಶೆಕ್ಟರ್. ಅದೇ ವಿದ್ಯಾಪೀಠದಲ್ಲಿ ಕಲಿಸುತ್ತಿದ್ದ ಮೊರ್ಡೆಕಾಯ್ ಕಪ್ಲನ್, ಯಹೂದಿ ಧರ್ಮವೆಂಬುದು ಬೆಳೆಯುತ್ತಿರುವ ಒಂದು ನಾಗರಿಕತೆ ಎಂದು ವಾದಿಸಿದರು. ಅವರ ಹಿಂಬಾಲಕರದು ನಾಲ್ಕನೆಯ ಶಾಖೆ, ರೀಕನ್‌ಸ್ಟ್ರಕ್ಷನಿಸ್ಟ್.

ಈಗ ದೀಪದ ಹೊಸ ರೂಪಕ್ಕೆ ಬರೋಣ. ಮನೆಗೆ ವಿದ್ಯುತ್ ಬಂತು. ಸ್ವಿಚ್ಚು ಒತ್ತುವುದು ಬೆಂಕಿ ಹೊತ್ತಿಸಿದಂತೆಯೆ? ರಸಾಯನಶಾಸ್ತ್ರ ಓದಿದ ನಾನು ಅಲ್ಲ ಎನ್ನುತ್ತೇನೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಆಮ್ಲಜನಕದೊಡನೆ ಸೇರಿ ಉರಿಯುವುದಿಲ್ಲ, ಕಾದು ಬೆಳಗುತ್ತದೆ, ಅಷ್ಟೆ. ಆದರೆ ಕೆಂಪಗೆ ಕಾಯಿಸಿದ ಲೋಹವೂ ಬೆಂಕಿಯೇ ಎಂಬ ಚರ್ಚೆ ರಬ್ಬಿಗಳ ಶಾಸ್ತ್ರದಲ್ಲಿ ಹಿಂದಿನಿಂದಲೇ ಇತ್ತು. ಜೊತೆಗೆ, ಮಂಡಲವನ್ನು ಪೂರ್ಣಗೊಳಿಸುವುದು ‘ಕಟ್ಟುವ’ ಕೆಲಸಕ್ಕೆ ಸಮ ಎಂದು ‘ಹಜೋನ್ ಈಶ್’ ಎಂದು ಖ್ಯಾತರಾದ ರಬ್ಬಿ ಕರೆಲಿಟ್ಸ್ ವಾದಿಸಿದರು. ಹೀಗೆ ಆರ್ಥೊಡಾಕ್ಸ್ ಮನೆಗಳಲ್ಲಿ ಸಬ್ಬತ್‌ನಂದು ಸ್ವಿಚ್ಚು ಮುಟ್ಟುವುದಿಲ್ಲ. ಶುಕ್ರವಾರವೇ ಟೈಮರ್ ಇಟ್ಟಿರುತ್ತಾರೆ. ಎತ್ತರದ ಕಟ್ಟಡಗಳಲ್ಲಿ ಗುಂಡಿ ಒತ್ತದೆಯೇ ಮಹಡಿ ಮಹಡಿಗೆ ತಾನಾಗಿ ನಿಲ್ಲುವ ಲಿಫ್ಟ್‌ಗಳೂ ಉಂಟು. ಕನ್ಸರ್ವೇಟಿವ್ ಶಾಖೆಯ ಶಾಸ್ತ್ರಸಮಿತಿ 1950ರಲ್ಲಿ ವಿದ್ಯುದ್ದೀಪಕ್ಕೂ, ಸಿನಗಾಗ್‌ಗೆ ಹೋಗಿಬರಲು ಮಾತ್ರ ಕಾರಿಗೂ ಬಹುಮತದ ಒಪ್ಪಿಗೆ ಕೊಟ್ಟಿತು. ರಿಫಾರ್ಮ್ ಶಾಖೆ ತೀರ್ಮಾನವನ್ನು ಅವರವರ ವಿವೇಕಕ್ಕೆ ಬಿಡುತ್ತದೆ. 2020ರ ಒಂದು ಸಮೀಕ್ಷೆಯಂತೆ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ರಿಫಾರ್ಮ್ ಶೇ. 37, ಕನ್ಸರ್ವೇಟಿವ್ ಶೇ. 17, ಆರ್ಥೊಡಾಕ್ಸ್ ಶೇ. 9, ಯಾವ ಶಾಖೆಗೂ ಸೇರದವರು ಶೇ. 32.

ಹೆಣ್ಣುಮಕ್ಕಳು ರಬ್ಬಿಗಳಾಗಬಹುದೆ ಎಂಬುದೂ ಇದೇ ಸಾಲಿನ ಪ್ರಶ್ನೆ. 1935ರಲ್ಲಿ ಜರ್ಮನಿಯ ರೆಗಿನಾ ಯೋನಾಸ್ ಮೊದಲ ಮಹಿಳಾ ರಬ್ಬಿಯಾದರು. 1944ರಲ್ಲಿ ಅವರನ್ನು ಆಶ್ವಿಟ್ಜ್‌ನಲ್ಲಿ ಕೊಲ್ಲಲಾಯಿತು. ನಾಜಿಗಳು ಕೊಂದ ಸುಮಾರು 60 ಲಕ್ಷ ಯಹೂದಿಗಳಲ್ಲಿ ಹಸೀದರಿದ್ದರು, ಅವರ ವಿರೋಧಿಗಳಿದ್ದರು, ರಿಫಾರ್ಮ್‌ನವರಿದ್ದರು, ಯಾವ ಆಚಾರವನ್ನೂ ಪಾಲಿಸದವರಿದ್ದರು. ಕೊಲ್ಲುವವರು ಪಂಗಡವನ್ನು ಕೇಳಲಿಲ್ಲ.

ಯಾರು ನಮ್ಮವರು?

ದೀಪದ ಜಗಳ ಮನೆಯೊಳಗಿನದು. ಅದು ಒಬ್ಬರ ಬಾಳನ್ನೇ ತಟ್ಟುವುದು ಮದುವೆಯ ಹೊತ್ತಿಗೆ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಶಾಸ್ತ್ರದಲ್ಲಿ ತಾಯಿ ಯಹೂದಿಯಾಗಿದ್ದರೆ, ಅಥವಾ ವಿಧಿಪೂರ್ವಕ ಮತಾಂತರವಾಗಿದ್ದರೆ ಮಾತ್ರ ಯಹೂದಿ. ಅಮೆರಿಕದ ರಿಫಾರ್ಮ್ ಶಾಖೆ 1983ರಲ್ಲಿ, ತಂದೆ ಮಾತ್ರ ಯಹೂದಿಯಾಗಿದ್ದು ಮಗು ಯಹೂದಿಯಾಗಿ ಬೆಳೆದರೂ ಸಾಕು ಎಂದಿತು. ಒಂದು ಶಾಖೆಯ ಯಹೂದಿ ಇನ್ನೊಂದು ಶಾಖೆಗೆ ಯಹೂದಿಯೇ ಅಲ್ಲ ಎಂಬ ಸ್ಥಿತಿ ಬಂತು. ಇಸ್ರೇಲಿನಲ್ಲಿ ಯಹೂದಿಗಳ ಮದುವೆ ಆರ್ಥೊಡಾಕ್ಸ್ ರಬ್ಬಿಗಳ ಅಧಿಕಾರದಲ್ಲಿದೆ. ಪೌರತ್ವದ ಮಟ್ಟಿಗೆ ಮಾತ್ರ, ದೇಶದೊಳಗೆ ನಡೆದ ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಮತಾಂತರಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಮಾನ್ಯ ಮಾಡಿತು.

ಈ ಪ್ರಶ್ನೆಯ ಬಿಸಿ ನಮ್ಮ ದೇಶದ ಯಹೂದಿಗಳಿಗೂ ತಟ್ಟಿದೆ. ಕೊಂಕಣ ತೀರದ ಬೆನೆ ಇಸ್ರೇಲರು ಶತಮಾನಗಳ ಕಾಲ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ್ ತೇಲಿ’, ಶನಿವಾರದ ಗಾಣಿಗರು, ಎಂದು ಕರೆದರು. ಅವರಲ್ಲಿ ತಾಲ್ಮುದ್ ಇರಲಿಲ್ಲ, ಸಬ್ಬತ್ ಇತ್ತು. ಮುಂಬಯಿಯಲ್ಲಿ ಅವರ ಮೊದಲ ಸಿನಗಾಗ್ ಕಟ್ಟಿಸಿದವರು ಸ್ಯಾಮುಯೆಲ್ ದಿವೇಕರ್, 1796ರಲ್ಲಿ. ಕಂಪನಿ ಸೇನೆಯಲ್ಲಿದ್ದ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದು, ಬದುಕಿ ಬಂದರೆ ದೇವರಿಗೆ ಮನೆ ಕಟ್ಟಿಸುವೆನೆಂದು ಹರಕೆ ಹೊತ್ತರು ಎಂದು ಬೆನೆ ಇಸ್ರೇಲರು ಹೇಳುತ್ತಾರೆ. ಬಾಗ್ದಾದಿನಿಂದ ಬಂದ ಶ್ರೀಮಂತ ಯಹೂದಿಗಳು ಇದೇ ಮುಂಬಯಿಯಲ್ಲಿ ಬೆನೆ ಇಸ್ರೇಲರನ್ನು ತಮ್ಮ ಸಮಾನರೆಂದು ಒಪ್ಪಲು ಹಿಂಜರಿದರು.

ಸ್ವಂತ ನಾಡೆಂದು ಇಸ್ರೇಲಿಗೆ ಹೋದಾಗಲೂ ಅದೇ ಪ್ರಶ್ನೆ ಎದುರಾಯಿತು. 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಸಂಸ್ಥೆ, ಬೆನೆ ಇಸ್ರೇಲರು ಇತರರನ್ನು ಮದುವೆಯಾಗುವಾಗ ಅವರ ವಂಶವನ್ನು ಹಿಂದಿನ ತಲೆಮಾರುಗಳವರೆಗೆ ವಿಚಾರಿಸಬೇಕೆಂದು ಸೂಚಿಸಿತು. ಹಳ್ಳಿಯ ಗಾಣಿಗರ ಮಕ್ಕಳು ಮುತ್ತಜ್ಜಿಯ ಮದುವೆಯ ದಾಖಲೆಯನ್ನು ಎಲ್ಲಿಂದ ತರಬೇಕು? ಅವರು ಜೆರೂಸಲೇಮಿನ ಬೀದಿಯಲ್ಲಿ ಧರಣಿ ಕುಳಿತರು. 1964ರ ಆಗಸ್ಟ್‌ನಲ್ಲಿ ಇಸ್ರೇಲ್ ಸಂಸತ್ತು, ಬೆನೆ ಇಸ್ರೇಲರು ಎಲ್ಲ ವಿಧದಲ್ಲೂ ಯಹೂದಿಗಳೇ ಎಂದು ಘೋಷಿಸಿತು; ಬಳಿಕ ಸೂಚನೆಯಿಂದ ಅವರ ಹೆಸರನ್ನು ತೆಗೆಯಲಾಯಿತು. ತಾಲ್ಮುದ್ ಅರಿಯದ ಇಥಿಯೋಪಿಯದ ಬೆತಾ ಇಸ್ರೇಲರಿಗೂ ಹೀಗೆಯೇ ಆಯಿತು. 1973ರಲ್ಲಿ ಮುಖ್ಯ ರಬ್ಬಿ ಓವಾದಿಯಾ ಯೋಸೆಫ್ ಅವರನ್ನು ಯಹೂದಿಗಳೆಂದು ಮಾನ್ಯ ಮಾಡಿದ್ದರೂ, 1985ರಲ್ಲಿ ಶುದ್ಧಿಯ ಸ್ನಾನ ಮಾಡಿ ಎಂಬ ಬೇಡಿಕೆಯ ವಿರುದ್ಧ ಅವರು ಬೀದಿಗಿಳಿಯಬೇಕಾಯಿತು.

ಇನ್ನು ಕೊಚ್ಚಿ. ಅಲ್ಲಿ ಹಳೆಯ ಮಲಬಾರಿ ಯಹೂದಿಗಳು, ಸ್ಪೇನ್ ಮತ್ತಿತರ ಕಡೆಗಳಿಂದ ಬಂದ ಪರದೇಶಿ ಯಹೂದಿಗಳು, ‘ಮೆಶುಖ್ರಾರಿಂ’ ಎಂಬ ಬಿಡುಗಡೆಯಾದ ದಾಸರ ಸಂತತಿ ಎಂದು ಭೇದಗಳಿದ್ದವು. ಬಿಡುಗಡೆಯಾದವರು ಪೂರ್ಣ ಯಹೂದಿಗಳೆಂಬುದು ಮಂಗಳೂರಿನ ಅಶುವಿನ ಪತ್ರದ ಹಿಂದಿದ್ದ ಶಾಸ್ತ್ರ. ಹದಿನಾರನೆಯ ಶತಮಾನದಲ್ಲಿ ಕೊಚ್ಚಿಯಿಂದ ಇಂಥದೇ ಪ್ರಶ್ನೆ ಹೋದಾಗ ಕೈರೋದ ರಬ್ಬಿ ದಾವೀದ್ ಇಬ್ನ್ ಜಿಮ್ರಾ ಹಾಗೆಯೇ ತೀರ್ಪು ಕೊಟ್ಟಿದ್ದರು. ಆದರೂ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್‌ನಲ್ಲಿ ಮೆಶುಖ್ರಾರಿಂಗೆ ಬೆಂಚಿನ ಮೇಲೆ ಜಾಗವಿರಲಿಲ್ಲ. ಆ ಸಮುದಾಯದಲ್ಲಿ ಹುಟ್ಟಿ ವಕೀಲರಾದ ಎ. ಬಿ. ಸೇಲಂ ಇಪ್ಪತ್ತನೆಯ ಶತಮಾನದಲ್ಲಿ ಸಿನಗಾಗ್‌ನೊಳಗೇ ಗಾಂಧೀಜಿಯ ಮಾದರಿಯಲ್ಲಿ ಸತ್ಯಾಗ್ರಹ ನಡೆಸಿದರು. ಕ್ರಮೇಣ ತಡೆಗಳು ಸಡಿಲವಾದವು. ಇಲ್ಲಿ ಬಾಗಿಲು ಮುಚ್ಚಿದ್ದು ಶಾಸ್ತ್ರದ ಭೇದವಲ್ಲ. ಆ ಬಾಗಿಲಿನ ಚಿಲಕ ನಮಗೆಲ್ಲ ಚೆನ್ನಾಗಿ ಪರಿಚಯವಿರುವುದೇ.

ಓದುಗರೆ, ಮುಂದೊಮ್ಮೆ ನೀವು ಕೊಚ್ಚಿಗೆ ಹೋದರೆ ಆ ಸಿನಗಾಗ್ ನೋಡಿ ಬನ್ನಿ. ನೆಲಕ್ಕೆ ಚೀನಾದ ನೀಲಿ ಬಿಲ್ಲೆಗಳು, ಮೇಲೆ ಬೆಲ್ಜಿಯಂನ ಗಾಜಿನ ತೂಗುದೀಪಗಳು. ಪರದೇಶಿ ಯಹೂದಿಗಳು ಈಗ ಬೆರಳೆಣಿಕೆಗೆ ಇಳಿದಿದ್ದಾರೆ. ಆ ದೀಪಗಳ ಕೆಳಗೆ ನಿಂತಾಗ, ಅವುಗಳ ಬೆಳಕಿನಲ್ಲಿ ಯಾರು ಬೆಂಚಿನ ಮೇಲೆ ಕುಳಿತಿದ್ದರು, ಯಾರು ನೆಲದ ಮೇಲೆ ಎಂಬುದನ್ನು ಒಮ್ಮೆ ನೆನೆಯಿರಿ. ದೀಪವೇ ಬೇಡ ಎಂದ ಹುಡುಗಿಗೂ ತನ್ನ ಮನೆಯಲ್ಲಿ ಜಾಗ ಕೊಟ್ಟು ಸಹಿ ಹಾಕಿದ ಕೈರೋದ ಆ ವರನನ್ನೂ ನೆನೆಯಿರಿ. ನಮ್ಮ ಕಾರ್ಯಕ್ರಮ ಮರುಪ್ರಸಾರವಾಗುವಾಗ ಕಪ್ಪು ಕೋಟಿನವರ ಪಕ್ಕದಲ್ಲಿ ಕೊಂಕಣದ ಗಾಣಿಗರಿಗೂ ಕೊಚ್ಚಿಯ ವಕೀಲರಿಗೂ ಜಾಗ ಮಾಡಿಕೊಡಬೇಕೆಂದುಕೊಂಡಿದ್ದೇನೆ.